ಇಪ್ಪತ್ತೈದು ಡಿಗ್ರಿಯ ಒರೆಮುದ್ರೆ

ಗದಗ
ಕಡುಬೇಸಗೆ ತಿಂಗಳ ಮೂವತ್ತನಾಲ್ಕನೆಯ ದಿನ, ೨೧೮೮

ಆಟದ ಕಂಪ್ಯೂಟರಿಗೆ ಕರೆಂಟು ಉಣಿಸುವ ಪೆಟ್ಟಿಗೆಗಳನ್ನು ಪರೀಕ್ಷೆ ಮಾಡಿ, ಕೊಳ್ಳಬಹುದು, ಕೊಳ್ಳಬಾರದು ಎಂದು ಬರೆಯುವ ನಿಮಗೆ,

ತಾರೀಕು ಸರಿಯಾಗಿಯೇ ಇದೆ. ನಮ್ಮಲ್ಲಿ ಏಪ್ರಿಲ್ ಮುಗಿದೊಡನೆ ಮೇ ಬರುವುದಿಲ್ಲ. ಮೂವತ್ತಾರು ದಿನಗಳ ಕಡುಬೇಸಗೆ ಎಂಬ ತಿಂಗಳು ಬರುತ್ತದೆ. ಬೇರೆ ತಿಂಗಳುಗಳಿಂದ ಎರಡು ದಿನ, ಮೂರು ದಿನ ಕಿತ್ತು ಅದನ್ನು ಕಟ್ಟಿದ್ದಾರೆ. ನನ್ನ ಕನ್ನಡವೂ ನಿಮಗೆ ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಬಹುದು. ನಿಮ್ಮ ಕಾಲದ ಬರಹಗಳನ್ನು ಓದಿ ರೂಢಿ ಮಾಡಿಕೊಂಡು ಬರೆಯುತ್ತಿದ್ದೇನೆ. ಹೊಸ ಮಾತು ಬಂದಲ್ಲಿ ಅರ್ಥ ಹೇಳುತ್ತೇನೆ. ಭಾಷೆಯ ತಪ್ಪಿಗೆ ಕ್ಷಮೆ ಇರಲಿ. ಉಳಿದದ್ದೆಲ್ಲ ಸಿಟ್ಟು, ಅದರಲ್ಲಿ ಅರ್ಧ ನನ್ನ ಮೇಲಿನದೇ.

ನನ್ನ ಹೆಸರು ನೀಲಗಂಗಾ ಮುಳಗುಂದ. ವಯಸ್ಸು ನಲವತ್ತೆಂಟು. ಇಪ್ಪತ್ತೆರಡು ವರ್ಷ ಗದಗಿನ ಒರೆಮನೆಯಲ್ಲಿ ಕೆಲಸ ಮಾಡಿದೆ. ಅಂಗಡಿಗೆ ಬರುವ ಯಂತ್ರಗಳನ್ನು ಮೊದಲು ಪರೀಕ್ಷಿಸಿ ಮುದ್ರೆ ಒತ್ತುವ ಕಚೇರಿಯೇ ಒರೆಮನೆ. ಮುದ್ರೆಯ ಕೆಳಗೆ ಪರೀಕ್ಷಿಸಿದವರ ಹೆಸರಿರುತ್ತದೆ. ಹಿಂದಿನ ಕಾಲಕ್ಕೆ ಪತ್ರ ಒಯ್ಯುವ ಮರಳಂಚೆಯಲ್ಲಿ ನಮ್ಮ ಊರಿಗೆ ಹತ್ತು ವರ್ಷಕ್ಕೊಮ್ಮೆ ಒಂದೇ ಪಾಳಿ. ಈ ಸಲ ಚೀಟಿ ಎತ್ತಿದಾಗ ನನ್ನ ಹೆಸರು ಬಂತು. ನೀರಿನ ಬಗ್ಗೆ ಬರೆ, ಸೆಕೆಯ ಬಗ್ಗೆ ಬರೆ ಎಂದು ಓಣಿಯವರೆಲ್ಲ ಹೇಳಿದರು. ನನ್ನ ಅಣ್ಣನಂತೂ, "ಹೋಗಿ ಹೋಗಿ ಆಟದ ಕಂಪ್ಯೂಟರಿನ ಡಬ್ಬಿ ಬಗ್ಗೆ ಬರೀತಿಯೇನವಾ? ಮಂದಿ ನಗತಾರ," ಎಂದ. ನಗಲಿ. ನೀರಿನ ಬಗ್ಗೆ ನನಗಿಂತ ಬಲ್ಲವರು ಬರೆದಿದ್ದಾರೆ. ನನಗೆ ಗೊತ್ತಿರುವುದು ಈ ಡಬ್ಬಿ.

ನೀವು ಅದನ್ನು ಪವರ್ ಸಪ್ಲೈ ಎನ್ನುತ್ತಿದ್ದಿರಂತೆ. ನಾವು ಉಣಿಕೆಪೆಟ್ಟಿಗೆ ಎನ್ನುತ್ತೇವೆ. ಕೆಲಸ ಬದಲಾಗಿಲ್ಲ: ಗೋಡೆಯ ಕರೆಂಟನ್ನು ತಗ್ಗಿಸಿ, ತಿದ್ದಿ, ಕಂಪ್ಯೂಟರಿನ ಒಳಗಿನ ಒಂದೊಂದು ಭಾಗಕ್ಕೂ ಅದಕ್ಕೆ ಬೇಕಾದಷ್ಟು ಹಂಚುವುದು. ನಮ್ಮ ಗೋಡೆಯ ಕರೆಂಟು ಮಾತ್ರ ನಿಮ್ಮದರಂತಿಲ್ಲ. ಗದಗಿಗೆ ಗಾಳಿಯೇ ಆಧಾರ. ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಗಾಳಿಗಂಬಗಳು ಭರ್ರೆಂದು ತಿರುಗುತ್ತವೆ. ಆಗಲೇ ಊರಿನ ಎಲ್ಲ ದೊಡ್ಡ ಯಂತ್ರಗಳೂ ನಡೆಯಬೇಕು, ಹಿಟ್ಟಿನ ಗಿರಣಿಯೂ, ಆಟದ ಪಂದ್ಯವೂ. ಅದೇ ಹೊತ್ತಿಗೆ ಸೆಕೆ ನಲವತ್ತಾರು ಡಿಗ್ರಿ. ಓಣಿಗೊಂದು ತಂಪುಕೋಣೆ ಇದೆ, ಹಸುಗೂಸುಗಳು ಮತ್ತು ವಯಸ್ಸಾದವರು ಆ ನಾಲ್ಕು ತಾಸು ಅಲ್ಲಿ ಕೂರುತ್ತಾರೆ, ಉಳಿದವರು ಬಿಡುವಾದಾಗ ಬಂದು ಹೋಗುತ್ತಾರೆ. ಅದನ್ನು ಬಿಟ್ಟರೆ ಊರಿನಲ್ಲಿ ತಣ್ಣಗಿರುವ ಜಾಗ ಇನ್ನೊಂದೇ, ಒರೆಮನೆಯ ಪರೀಕ್ಷಾ ಕೋಣೆ. ಅಲ್ಲಿ ಯಾವಾಗಲೂ ಇಪ್ಪತ್ತೈದು ಡಿಗ್ರಿ. ನಿಯಮ ಹಾಗಿದೆ. ಆ ನಿಯಮ ನಿಮ್ಮ ಕಾಲದಿಂದ ಇಳಿದು ಬಂದದ್ದೆಂದು ನಮ್ಮ ಹಿರಿಯರು ಹೇಳುತ್ತಾರೆ. ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ. ಇಪ್ಪತ್ತೆರಡು ವರ್ಷ ನಾನು ಅದನ್ನು ಪ್ರಶ್ನಿಸಲಿಲ್ಲ. ನಿಜ ಹೇಳಬೇಕೆಂದರೆ, ಅಲ್ಲಿ ಕೂರುವುದು ಹಿತವಾಗಿತ್ತು.

ಹೋದ ವರ್ಷದ ಮಾರ್ಚಿನಲ್ಲಿ ಗಜತ್ರಾಣ ಎಂಬ ಕಂಪನಿ ಹೊಸ ಪೆಟ್ಟಿಗೆ ತಂದಿತು. ಮೈಮೇಲೆ ದೊಡ್ಡಕ್ಷರದಲ್ಲಿ ಸಾವಿರದ ಇನ್ನೂರು ವ್ಯಾಟ್ ಎಂದು ಬರೆದಿತ್ತು. ಕಂಪನಿಯವರು ಮೂರು ಮಾದರಿ ಕಳಿಸಿದ್ದರು. ಭಾರ ಹೊರಿಸುವ, ಅಂದರೆ ಬೇಕಾದಷ್ಟು ಕರೆಂಟು ಎಳೆದು ನೋಡುವ ಯಂತ್ರಕ್ಕೆ ಜೋಡಿಸಿ ನೂರು ನೂರು ವ್ಯಾಟ್ ಏರಿಸುತ್ತ ಹೋದೆ. ಹನ್ನೆರಡು ವೋಲ್ಟಿನ ತಂತಿ ಹನ್ನೆರಡರಲ್ಲೇ ನಿಂತಿತು, ಫ್ಯಾನು ಸದ್ದೇ ಮಾಡಲಿಲ್ಲ. ಎರಡು ಪೆಟ್ಟಿಗೆ ಪಾಸು ಮಾಡಿ ಮೂರನೆಯದನ್ನು ಎತ್ತಿಕೊಳ್ಳುವಾಗ ಪರೀಕ್ಷಾ ಕೋಣೆಯ ತಂಪುಯಂತ್ರ ಕೆಟ್ಟಿತು. ರಿಪೇರಿಗೆ ಮೂರು ದಿನ ಎಂದರು. ಕಾಯಲು ಬೇಸರವಾಗಿ ಮೇಜನ್ನು ಪಡಸಾಲೆಗೆ ಎಳೆಸಿ ಅಲ್ಲೇ ಕೆಲಸ ಮುಂದುವರಿಸಿದೆ. ಗೋಡೆಯ ಮಾಪಕ ನಲವತ್ತೈದು ತೋರಿಸುತ್ತಿತ್ತು.

ಎಂಟುನೂರು ವ್ಯಾಟಿಗೇ ಹನ್ನೆರಡು ವೋಲ್ಟು ಹನ್ನೊಂದು ಚಿಲ್ಲರೆಗೆ ಇಳಿಯಿತು. ಆಟದಲ್ಲಿ ದೊಡ್ಡ ದೃಶ್ಯವೊಂದು ಬಂದರೆ ಚಿತ್ರಫಲಕ, ಅಂದರೆ ನಿಮ್ಮ ಗ್ರಾಫಿಕ್ಸ್ ಕಾರ್ಡು, ಕಣ್ಣು ಮಿಟುಕಿಸುವಷ್ಟರಲ್ಲಿ ಎರಡು ಪಟ್ಟು ಕರೆಂಟು ಎಳೆದು ಬಿಡುತ್ತದೆ. ಅಂಥ ಹೊಡೆತವನ್ನೂ ಕೊಟ್ಟು ನೋಡಿದೆ. ಒಳ್ಳೆಯ ಪೆಟ್ಟಿಗೆಯಾದರೆ ತಡೆಯಬೇಕು, ತಡೆಯಲಾಗದಿದ್ದರೆ ಸುಮ್ಮನೆ ಆರಬೇಕು. ಇದು ತಡೆಯಲೂ ಇಲ್ಲ, ಆರಲೂ ಇಲ್ಲ. ಒಳಗೆ ಚಟ್ ಎಂದಿತು, ಸುಟ್ಟ ವಾಸನೆ ಬಂತು, ಆದರೂ ಕರೆಂಟು ಹರಿಯುತ್ತಲೇ ಇತ್ತು. ನಾನೇ ಪ್ಲಗ್ಗು ಕಿತ್ತೆ.

ಕಂಡದ್ದನ್ನೆಲ್ಲ ಒಂದು ಪುಟದಲ್ಲಿ ಬರೆದು ವರದಿಗೆ ಸೇರಿಸಿ ಒರೆಮನೆಯ ಅಧ್ಯಕ್ಷ ಶಿವಪುತ್ರಪ್ಪನವರ ಮುಂದಿಟ್ಟೆ. ಅವರು ಕೆಟ್ಟ ಮನುಷ್ಯರೇನಲ್ಲ. ಪುಟವನ್ನು ಎರಡು ಸಲ ಓದಿದರು.

"ನೀಲಗಂಗಾ ಬಾಯಾರ, ಇದನ್ನ ಎಷ್ಟು ಡಿಗ್ರಿಯೊಳಗ ಮಾಡೀರಿ?"

"ನಲವತ್ತೈದರಾಗ್ರಿ."

"ನಿಯಮದಾಗ ಎಷ್ಟೈತಿ?"

"ಇಪ್ಪತ್ತೈದ್ರಿ. ಆದರ ಸರ್, ನಮ್ಮೂರಾಗ ಇಪ್ಪತ್ತೈದು ಡಿಗ್ರಿ ಇರೋ ಮನಿ ಒಂದರೆ ತೋರಿಸ್ರಿ."

"ಮನಿ ತೋರ್ಸೋದು ನನ್ನ ಕೆಲಸ ಅಲ್ಲ. ನಿಯಮದ ಹೊರಗ ಮಾಡಿದ ಪರೀಕ್ಷೆ ಪರೀಕ್ಷೆನ ಅಲ್ಲ. ಈ ಪುಟ ತಗೀರಿ, ಸಹಿ ಮಾಡ್ರಿ."

ವಾದ ಮಾಡಿದೆ. ಗಂಟಲು ಒಣಗುವಷ್ಟು ಮಾಡಿದೆ. ಕೊನೆಗೆ ತಂಪುಯಂತ್ರ ಸರಿಹೋಯಿತು, ಕಂಪನಿ ಹೊಸದಾಗಿ ಕಳಿಸಿದ ಇನ್ನೊಂದು ಮಾದರಿ ಇಪ್ಪತ್ತೈದು ಡಿಗ್ರಿಯಲ್ಲಿ ಅಚ್ಚುಕಟ್ಟಾಗಿ ಪಾಸಾಯಿತು. ನಾನು ಆ ಪುಟ ತೆಗೆದು ಸಹಿ ಮಾಡಿದೆ. ವಾದ ಮಾಡಿ ಮಾಡಿ ಸಾಕಾಗಿತ್ತು. ಬರೆದದ್ದರಲ್ಲಿ ಸುಳ್ಳೊಂದೂ ಇಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡೆ.

ನಮ್ಮ ಓಣಿಯಲ್ಲಿ ಮೆಹರುನ್ನಿಸಾ ನದಾಫ್ ಇದ್ದಾರೆ. ಎಲ್ಲರಿಗೂ ಮೆಹರಕ್ಕ. ಅರವತ್ತೊಂದು ವರ್ಷ. ಇಪ್ಪತ್ತೆಂಟು ವರ್ಷ ಗಾಳಿಗಂಬ ಹತ್ತಿ ರೆಕ್ಕೆ ರಿಪೇರಿ ಮಾಡಿದ ಹೆಂಗಸು. ಒಂದು ದಿನ ಹಗ್ಗ ಜಾರಿ ಬಿದ್ದು ಎಡಗಾಲು ಮೊಣಕಾಲಿನ ಕೆಳಗೆ ಹೋಯಿತು. ಎರಡು ವರ್ಷ ಯಾರ ಜೊತೆಗೂ ಮಾತಾಡಲಿಲ್ಲವಂತೆ. ಆಮೇಲೆ ಕಣಿವೆಯೋಟ ಎಂಬ ಆಟ ಹಿಡಿದರು. ಹಗುರವಾದ ಹಾರುಬಂಡಿಯಲ್ಲಿ ಬೆಟ್ಟಗಳ ನಡುವೆ ನುಗ್ಗುತ್ತ ಗುರಿ ಮುಟ್ಟುವ ಪಂದ್ಯ ಅದು. ಗಾಳಿ ಎಲ್ಲಿ ಎತ್ತುತ್ತದೆ, ಎಲ್ಲಿ ಕೈಬಿಡುತ್ತದೆ ಎಂಬುದು ಅವರ ಮೈಗೇ ಗೊತ್ತು. ಮೂವತ್ತರ ಹುಡುಗರನ್ನೆಲ್ಲ ಹಿಂದೆ ಹಾಕಿ ಒಂಬತ್ತು ಜಿಲ್ಲೆಗಳ ಪಂದ್ಯದ ಕೊನೆಯ ಸುತ್ತಿಗೆ ಬಂದಿದ್ದರು. "ಮ್ಯಾಲೆ ಹೋಗಾಕ ನನಗ ಉಳದಿರೋ ಏಣಿ ಇದೊಂದ," ಎನ್ನುತ್ತಿದ್ದರು.

ಪಂದ್ಯಕ್ಕೆ ಒಂದು ತಿಂಗಳಿರುವಾಗ ತಂಪುಕೋಣೆಯಲ್ಲಿ ನನ್ನ ಪಕ್ಕ ಬಂದು ಕೂತರು.

"ನೀಲಾ, ಹೊಸ ಪೆಟ್ಟಿಗಿ ತಗೊಂಡೆ ನೋಡು. ಗಜತ್ರಾಣದ್ದು. ಅಂಗಡ್ಯಾಂವ ನಾಕು ಥರದ್ದು ತೋರಿಸಿದ. ಮುದ್ರಿ ಕೆಳಗ ನಿನ್ನ ಹೆಸರಿತ್ತು. ಕಣ್ಣು ಮುಚ್ಚಿ ಇದನ್ನ ಕೊಡು ಅಂದೆ."

ಆಗ ಹೇಳಬೇಕಿತ್ತು. ಬೇಡಕ್ಕಾ, ವಾಪಸು ಕೊಡಿ ಎಂದರೆ ಮುಗಿಯುತ್ತಿತ್ತು. ನನ್ನದೇ ಸಹಿಯನ್ನು ನಾನೇ ಸುಳ್ಳು ಮಾಡಬೇಕಾಗುತ್ತದೆ ಎಂದು ನಾಚಿಕೆಯಾಯಿತು. "ಚಲೋ ಆತು ಬಿಡ್ರಿ ಅಕ್ಕಾ," ಎಂದೆ. ಈ ಮಾತನ್ನು ನೆನೆದರೆ ಈಗಲೂ ನನ್ನ ನಾಲಗೆಯ ಮೇಲೆ ನನಗೆ ಅಸಹ್ಯ ಬರುತ್ತದೆ.

ಪಂದ್ಯ ನಡೆದದ್ದು ಹೋದ ವರ್ಷದ ಕಡುಬೇಸಗೆಯ ಹತ್ತೊಂಬತ್ತನೆಯ ದಿನ, ಮಧ್ಯಾಹ್ನ ಎರಡಕ್ಕೆ. ಆ ಬಿಸಿಲಿನಲ್ಲಿ ಯಾರೂ ಊರಿಂದೂರಿಗೆ ಹೋಗುವಂತಿಲ್ಲ, ಅದಕ್ಕೆ ಆಟಗಾರರು ತಂತಮ್ಮ ಮನೆಯಿಂದಲೇ ಆಡುತ್ತಾರೆ. ತಂಪುಕೋಣೆಯ ಗೋಡೆಯ ಮೇಲಿನ ಪರದೆಯಲ್ಲಿ ನಾವೆಲ್ಲ ನೋಡುತ್ತಿದ್ದೆವು. ಅಜ್ಜಿಯರು ಕೂಡ ಕೂಗುತ್ತಿದ್ದರು. ಕೊನೆಯ ಕಣಿವೆಯಲ್ಲಿ ಬಂಡೆಗಲ್ಲುಗಳು ಉರುಳುವ ದೃಶ್ಯ ಬಂತು. ಮೆಹರಕ್ಕನ ಹಾರುಬಂಡಿ ಅದರೊಳಗೆ ನುಗ್ಗಿತು, ಮತ್ತೆ ಕಾಣಿಸಲೇ ಇಲ್ಲ. "ಬಿದ್ಲೇನು?" ಎಂದು ಯಾರೋ ಕೇಳಿದರು. ಬಿದ್ದಿಲ್ಲವೆಂದು ಆ ಕೋಣೆಯಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೇ.

ಬಿಸಿಲಲ್ಲಿ ಮೆಹರಕ್ಕನ ಮನೆಗೆ ಓಡಿದೆ. ಬಾಗಿಲು ತೆರೆದಾಗ ತಗಡಿನ ಸೂರಿನ ಆ ಕೋಣೆಯ ತುಂಬ ಹೊಗೆ. ಪೆಟ್ಟಿಗೆ ಆರದೆ ಉರಿಯುತ್ತಿರುವುದನ್ನು ಕಂಡು ಮೆಹರಕ್ಕ ಬರಿಗೈಯಲ್ಲಿ ತಂತಿ ಕಿತ್ತಿದ್ದರು. ಬಲಗೈಯ ಎರಡು ಬೆರಳು ಬೆಂದುಹೋಗಿದ್ದವು. ಚಿತ್ರಫಲಕವೂ ಕರಕಲಾಗಿತ್ತು. ಕೈಯನ್ನು ನೀರಲ್ಲಿ ಅದ್ದಿಕೊಂಡು ಕೂತಿದ್ದರು, ಅಳುತ್ತಿರಲಿಲ್ಲ.

ನಾನು ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಪಡಸಾಲೆಯ ಪರೀಕ್ಷೆ, ತೆಗೆದ ಪುಟ, ಸಹಿ, ತಂಪುಕೋಣೆಯಲ್ಲಿ ಬಾಯಿ ಮುಚ್ಚಿಕೊಂಡದ್ದು. ಮೆಹರಕ್ಕ ಬೆಂದ ಕೈಯನ್ನು ನೀರಿನಿಂದ ತೆಗೆದು ನೋಡಿಕೊಂಡರು.

"ನಾ ಕಂಬ ಹತ್ತುವಾಗ ಹಗ್ಗ ತಪಾಸಣಿ ಮಾಡಾಂವ ಒಬ್ಬಾಂವ ಇದ್ದ," ಎಂದರು. "ಅಂವಾ ಹೂಂ ಅಂದ್ರ ನಾ ಹತ್ತತಿದ್ದೆ. ನಿನ್ನೂ ಹಂಗ ನಂಬಿದ್ದೆ, ನೀಲಾ. ಈಗ ಹೋಗು."

ಹೋದೆ. ಹನ್ನೆರಡು ದಿನ ಆ ಮನೆಯ ಬಾಗಿಲು ನನಗೆ ತೆರೆಯಲಿಲ್ಲ. ಹದಿಮೂರನೆಯ ದಿನ ಅವರೇ ಹೇಳಿಕಳಿಸಿದರು. ಸುಟ್ಟ ಪೆಟ್ಟಿಗೆ ಮೇಜಿನ ಮೇಲಿತ್ತು. "ಮುಚ್ಚಳ ತಗಿ. ಒಳಗ ಏನೈತಿ ನನಗ ತಿಳಿಯೂಹಂಗ ಹೇಳು," ಎಂದರು. ತಿರುಪು ಬಿಚ್ಚಿ ನೋಡಿದರೆ ನನಗೇ ನಂಬಲಾಗಲಿಲ್ಲ. ಕರೆಂಟನ್ನು ಕ್ಷಣಕಾಲ ಹಿಡಿದಿಟ್ಟು ಕೊಡುವ ಕೆಪಾಸಿಟರ್ ಎಂಬ ಪುಟ್ಟ ಡಬ್ಬಿಗಳಿರುತ್ತವಲ್ಲ, ಒರೆಮನೆಯಲ್ಲಿ ನಾನು ಬಿಚ್ಚಿ ನೋಡಿದ್ದ ಮಾದರಿಯಲ್ಲಿ ಅವು ನೂರೈದು ಡಿಗ್ರಿ ತಡೆಯುವಂಥವು. ಇದರಲ್ಲಿದ್ದವು ಎಂಬತ್ತೈದರವು. ಹೊಡೆತ ಬಂದಾಗ ಪೆಟ್ಟಿಗೆಯನ್ನು ಆರಿಸಬೇಕಾದ ಬಿಲ್ಲೆ ಮಾದರಿಯಲ್ಲಿ ಸೆಕೆಗೆ ಕೆಲಸ ಮಾಡದಿದ್ದರೂ ಇತ್ತು, ಇದರಲ್ಲಿ ಅದರ ಜಾಗದಲ್ಲಿ ಬರೀ ಎರಡು ತೂತು. ನಾನು ಪರೀಕ್ಷಿಸಿದ್ದು ಒಂದು, ಅಂಗಡಿಯಲ್ಲಿ ಮಾರಿದ್ದು ಇನ್ನೊಂದು. ನಾನು ತೆಗೆದುಹಾಕಿದ ಪುಟ ಉಳಿದಿದ್ದರೂ ಅದರಲ್ಲಿ ಅರ್ಧ ಸತ್ಯವೇ ಇರುತ್ತಿತ್ತು. ಪರೀಕ್ಷೆಗೆ ಬೇಕಾದ ಮಾದರಿಯನ್ನು ಕಂಪನಿಯ ಕೈಯಿಂದಲೇ ತೆಗೆದುಕೊಳ್ಳುವ ನಾವೆಂಥ ಪರೀಕ್ಷಕರು!

ಅಂಗಡಿಗಳಿಂದಲೇ ಇನ್ನೂ ಆರು ಪೆಟ್ಟಿಗೆ ತರಿಸಿ, ಮೆಹರಕ್ಕನ ಆ ತಗಡಿನ ಕೋಣೆಯಲ್ಲೇ ಮಧ್ಯಾಹ್ನದ ಹೊತ್ತು ಪರೀಕ್ಷಿಸಿದೆವು. ಆರರಲ್ಲಿ ಐದು ಎಂಟುನೂರರ ಆಸುಪಾಸಿನಲ್ಲೇ ಕೈಚೆಲ್ಲಿದವು. ಒಂಬತ್ತು ಪುಟದ ವರದಿ ಬರೆದು ಹುಡುಗರು ಕೂಡಿ ಆಡುವ ಆಟದ ಮನೆಗಳ ಗೋಡೆಗಳಿಗೆಲ್ಲ ಅಂಟಿಸಿದೆವು. ಕಂಪನಿಯವರು ಉತ್ತರ ಕಳಿಸಿದರು: ಹೇಳಿದ್ದಕ್ಕಿಂತ ಹೆಚ್ಚಿನ ಉಷ್ಣತೆಯಲ್ಲಿ ಬಳಸಿದ್ದು ಗ್ರಾಹಕರ ತಪ್ಪು. ಒರೆಮನೆ ನನ್ನ ಮೇಲೆ ವಿಚಾರಣೆ ನಡೆಸಿತು. ಎಂಟು ತಿಂಗಳು ಅಲೆದೆವು. ಮೆಹರಕ್ಕ ಊರುಗೋಲು ಹಿಡಿದು ಪ್ರತಿ ಸಭೆಗೂ ಬಂದು, ಬಗ್ಗದ ಎರಡು ಬೆರಳನ್ನು ಅಧ್ಯಕ್ಷರ ಮೇಜಿನ ಮೇಲಿಟ್ಟು ಕೂರುತ್ತಿದ್ದರು. ಕೊನೆಗೆ ನಿಯಮ ತಿದ್ದಿದರು. ಇಪ್ಪತ್ತೈದು ಇದ್ದದ್ದು ಮೂವತ್ತಾಯಿತು. ಎಂಟು ತಿಂಗಳಿಗೆ ಐದು ಡಿಗ್ರಿ! ಮಾದರಿಗಳನ್ನು ಈಗಲೂ ಕಂಪನಿಯವರೇ ಕಳಿಸುತ್ತಾರೆ. ಆ ಸಂಜೆಯೇ ನಾನು ಒರೆಮನೆ ಬಿಟ್ಟೆ.

ಈಗ ನಾವಿಬ್ಬರೂ ಅದೇ ತಗಡಿನ ಕೋಣೆಯಲ್ಲಿ ಕೂತು, ಜನ ಅಂಗಡಿಯಿಂದ ಕೊಂಡು ತಂದ ಪೆಟ್ಟಿಗೆಗಳನ್ನು ನೋಡಿ ಕಳಿಸುತ್ತೇವೆ. ರೋಣದಿಂದ, ಕೊಪ್ಪಳದಿಂದ ಬರುತ್ತಾರೆ. ಮೆಹರಕ್ಕ ಮೊದಲಿನಂತೆ ಆಡಲಾರರು. ಮಾಪಕದ ಮುಂದೆ ಕೂತು ಮುಳ್ಳು ಅಲುಗಿದರೆ ಬೈಯುತ್ತಾರೆ. ನನ್ನನ್ನು ಕ್ಷಮಿಸಿದ್ದಾರೋ ಇಲ್ಲವೋ ಹೇಳಿಲ್ಲ, ನಾನೂ ಕೇಳಿಲ್ಲ.

ನಿಮ್ಮಲ್ಲಿ ಬೇಡಿಕೊಳ್ಳುವುದು ಇಷ್ಟು. ಪೆಟ್ಟಿಗೆ ಕಳಿಸಿಕೊಡುತ್ತೇವೆ ಎಂದವರಿಗೆ ಬೇಡವೆನ್ನಿ, ನಿಮ್ಮ ಓಣಿಯ ಅಂಗಡಿಯಿಂದಲೇ ತನ್ನಿ. ನಿಮ್ಮ ಊರಿನ ಬೇಸಗೆಯಲ್ಲಿ, ಜನ ಆಡುವ ಕೋಣೆಯಲ್ಲಿ ಅದಕ್ಕೆ ಭಾರ ಹೊರಿಸಿ. ಮುಚ್ಚಳ ತೆಗೆದು ನೋಡಿ. ಕಂಡದ್ದನ್ನು ಬರೆಯಿರಿ, ಬರೆದದ್ದರಲ್ಲಿ ಒಂದು ಪುಟ ತೆಗೆಯಿರಿ ಎಂದವರಿಗೆ ನಿಮ್ಮ ಹೆಸರನ್ನು ಕೊಡಬೇಡಿ. ಈಗ ನಿಮ್ಮಲ್ಲಿ ಒಬ್ಬರಾದರೂ ಹಟ ಹಿಡಿದರೆ, ನಮಗೆ ಬರುವ ನಿಯಮ ಬೇರೆಯಾದೀತು.

ಸಹಿ ಮಾಡುವ ಮೊದಲು ಈ ಪತ್ರವನ್ನು ಮೆಹರಕ್ಕನಿಗೆ ಓದಿ ಹೇಳಿದೆ. ಮಾಪಕದಿಂದ ಕಣ್ಣು ತೆಗೆಯದೆ ಪೂರ್ತಿ ಆಲಿಸಿದರು. ಆಮೇಲೆ ಕೇಳಿದರು: "ಪೆಟ್ಟಿಗಿ ಸುಟ್ಟಿದ್ದು ಬರದಿ, ಬೆರಳು ಬೆಂದಿದ್ದು ಬರದಿ. ಆವಾಗ ನಾ ಎಷ್ಟನೇದಾಕಿ ಇದ್ದೆ ಅಂತ ಬರದಿಯೇನು?"

ಬರೆದಿರಲಿಲ್ಲ. ಈಗ ಬರೆಯುತ್ತಿದ್ದೇನೆ. ಪೆಟ್ಟಿಗೆ ಸುಟ್ಟ ಗಳಿಗೆಯಲ್ಲಿ ಒಂಬತ್ತು ಜಿಲ್ಲೆಗಳ ಆಟಗಾರರಲ್ಲಿ ಮೆಹರುನ್ನಿಸಾ ನದಾಫ್ ಎಲ್ಲರಿಗಿಂತ ಮುಂದಿದ್ದರು, ಹನ್ನೊಂದು ಸೆಕೆಂಡು ಮುಂದಿದ್ದರು.

ನೀಲಗಂಗಾ ಮುಳಗುಂದ