ಬಲಕ್ಕೆ ಬರುವ ಸ್ಟಿಯರಿಂಗ್

ಪುಣೆ, ೧೧-೨-೨೦೦೩

ಅಕ್ಕಾ,

ಇವರು ಜರ್ಮನಿಯಲ್ಲಿ ಕೊಂಡು, ಕೈಯಾರೆ ಎಂಜಿನ್ ಬದಲಿಸಿ, ಹಡಗಿನಲ್ಲಿ ತಂದ ಆ ಅಮೆರಿಕನ್ ಮಸ್ಟಾಂಗ್ ಕಾರು ನಿನಗೆ ನೆನಪಿರಬೇಕು. ಅದರ ಒಂದು ಬೋಲ್ಟನ್ನೂ ಬೇರೆಯವರಿಗೆ ಮುಟ್ಟಗೊಡುತ್ತಿರಲಿಲ್ಲ. ಇವರೊಬ್ಬರೇ ಜರ್ಮನಿಗೆ ಮರಳಿ ಎರಡು ವರ್ಷವಾಯಿತು. ನಿಂತರೆ ತುಕ್ಕು ಹಿಡಿಯುತ್ತದೆಂದು ನಾನೇ ಓಡಿಸುತ್ತೇನೆ. ಸ್ಟಿಯರಿಂಗ್ ಎಡಗಡೆ ಇರುವುದರಿಂದ, ಮುಂದಿನ ಲಾರಿ ದಾಟುವಾಗ ಎದುರಿನ ರಸ್ತೆ ಕಾಣುವುದಿಲ್ಲ. ಬಲಗಡೆ ಕೂತವರು ನೋಡಿ ಹೇಳಬೇಕು. ಮೊದಲು ಅದು ನನ್ನ ಕೆಲಸವಾಗಿತ್ತು. ನಿನ್ನೆ ಕಾತ್ರಜ ಘಾಟಿನಲ್ಲಿ ಒಂದು ತಾಸು ಕಬ್ಬಿನ ಲಾರಿಯ ಹಿಂದೆಯೇ ಹೋದೆ.

ಧನಕವಡಿಯ ಮೆಕ್ಯಾನಿಕ್ ಗೂಳಪ್ಪ ನಮ್ಮ ಗೋಕಾಕದ ಕಡೆಯವನು. ಕೇಳಿ ನಕ್ಕ. “ಹೇಳಾವ್ರು ಯಾರೂ ಇಲ್ಲಂದ್ರ ಸ್ಟೇರಿಂಗ್ ಬಲಕ್ಕ ತರೂಣಲ್ರಿ ಅಕ್ಕಾರ! ಸಾಹೇಬ್ರನ್ನ ಒಂದ್ಮಾತು ಕೇಳ್ತೀರೇನು?”

ಕೇಳುವುದೇ ಸರಿಯೇನೋ. ಆದರೆ ಇವರ ಫೋನ್ ಬಂದು ನಾಲ್ಕು ತಿಂಗಳಾಯಿತು. ಕೆಲಸ ಶುರು ಮಾಡು ಎಂದೆ. ಕೀಲಿಕೈಯನ್ನು ಅಲ್ಲೇ ಅವನ ಕೈಗೆ ಕೊಟ್ಟೆ.

ಬಿ.ಪಿ. ಗುಳಿಗೆ ತಪ್ಪಿಸಿಲ್ಲ, ಚಿಂತೆ ಮಾಡಬೇಡ. ಕಾರ್ಡಿನಲ್ಲಿ ಜಾಗ ಮುಗಿಯಿತು. ಇನ್ನು ನಾನು ಮೊದಲಿನಂತೆ ಬಲಗಡೆಯ ನನ್ನ ಸೀಟಿನಲ್ಲೇ ಕೂರುತ್ತೇನೆ. ಖಾಲಿ ಉಳಿಯುವುದು ಇವರದು.

ನಿನ್ನ ಮಾಧುರಿ