ಉಪ್ಪಿಟ್ಟಿಗೆ ಹಾಕಿದ ಸಹಿ

ನೆಲ್ಲಿಗುಡ್ಡ
ಫೆಬ್ರವರಿ ೩೦, ೨೧೬೮

ಪ್ರೀತಿಯ ರುದ್ರಾಂಬಜ್ಜಿಗೆ,

ತಾರೀಖು ನೋಡಿ ಇದು ಯಾರದೋ ಕಿಡಿಗೇಡಿತನ ಎಂದು ಹಾಳೆಯನ್ನು ಮಡಚಿ ಎಸೆಯಬೇಡ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ವರ್ಷದ ಕೊನೆಗೆ ಐದು ದಿನ ಮಿಗುತ್ತವೆ. ಅವು ಯಾವ ತಿಂಗಳಿಗೂ ಸೇರಿದವಲ್ಲ, ಅವಕ್ಕೆ ತಾರೀಖೂ ಇಲ್ಲ. ಉಳಿಕೆ ದಿನ ಎನ್ನುತ್ತೇವೆ. ಈ ಮಾತನ್ನು ನೆನಪಿಟ್ಟುಕೋ, ಮುಂದೆ ಬೇಕಾಗುತ್ತದೆ.

ನಾನು ನಿನ್ನ ಮಗಳ ಮೊಮ್ಮಗಳ ಮಗಳು, ಕೆಂಚಮ್ಮ. ನನಗೀಗ ಎಪ್ಪತ್ತನಾಲ್ಕು. ಈ ಪತ್ರ ಕೈಸೇರುವಾಗ ನಿನಗೆ ಮೂವತ್ತೆಂಟು. ನಿನ್ನನ್ನು ಅಜ್ಜಿ ಎನ್ನಲು ನನ್ನ ಮೊಣಕಾಲು ಒಪ್ಪುವುದಿಲ್ಲ, ಮಗಳೇ ಎನ್ನಲು ಬಾಯಿ ಒಪ್ಪುವುದಿಲ್ಲ. ಅಜ್ಜಿ ಎಂದೇ ಇಟ್ಟುಕೊಳ್ಳೋಣ. ನನ್ನ ಭಾಷೆ ನಿನಗೆ ವಿಚಿತ್ರವೆನಿಸಿದರೆ ಕ್ಷಮಿಸು. ದೊಡ್ಡ ಬಿಸಿಲಿನ ವರ್ಷಗಳಲ್ಲಿ ಶಾಲೆಗಳು ಮುಚ್ಚಿದ್ದವು. ನಾನು ಪುರಸಭೆಯ ಗೋಡೆಗೆ ಅಂಟಿಸುತ್ತಿದ್ದ ಪ್ರಕಟಣೆಗಳ ಮೇಲೆ ಬೆರಳಿಟ್ಟು ಅಕ್ಷರ ಕಲಿತವಳು. ಅದಕ್ಕೇ ಮನೆಯವರಿಗೆ ಬರೆಯುವಾಗಲೂ ‘ಸದರಿ’, ‘ಮೇಲ್ಕಂಡ’ ಎಂದು ಬಂದುಬಿಡುತ್ತದೆ. ಗೋಡೆಯಿಂದ ಕಲಿತವರಿಗೆ ಇನ್ನೊಂದು ಚಾಳಿಯೂ ಅಂಟುತ್ತದೆ. ಯಾವ ಕಾಗದ ಕಂಡರೂ ಮೊದಲು ಅದರ ಹಿಂಬದಿ ನೋಡಬೇಕೆನಿಸುತ್ತದೆ.

ಈ ಪತ್ರ ಬಂದದ್ದು ಹಿಂದಂಚೆಯಲ್ಲಿ, ಅಂದರೆ ಕಳೆದುಹೋದ ಕಾಲಕ್ಕೆ ಕಾಗದ ಒಯ್ಯುವ ಅಂಚೆಯಲ್ಲಿ. ಅದಕ್ಕೆ ಕಟ್ಟುಪಾಡುಗಳು ಬಹಳ. ಸ್ವಂತ ರಕ್ತದವರಿಗೆ ಮಾತ್ರ ಬರೆಯಬಹುದು, ಒಂದೇ ದೊಡ್ಡ ಹಾಳೆ, ಯಾರು ಯಾವಾಗ ಸಾಯುತ್ತಾರೆ ಎಂದು ಹೇಳುವಂತಿಲ್ಲ. ಎಷ್ಟು ಗೀಚಿದರೂ ಹಿಂದಿನ ಕಾಲ ಒಂದು ಸಾಲಿಗಿಂತ ಹೆಚ್ಚು ಬದಲಾಗುವುದಿಲ್ಲ ಎಂದು ಅಂಚೆಯವರು ಹೇಳುತ್ತಾರೆ. ಅವರು ಹೇಳಿದ್ದನ್ನೆಲ್ಲ ನಂಬುವವಳಲ್ಲ ನಾನು. ಆದರೆ ಇದು ನಿಜವೇ ಆಗಿದ್ದರೂ ನನಗೆ ಅಡ್ಡಿಯಿಲ್ಲ. ನಿನ್ನಿಂದ ಬೇಕಾಗಿರುವುದು ಒಂದೇ ಸಾಲು.

ನಿನ್ನ ಬಜಾರ್ ರಸ್ತೆ ಇನ್ನೂ ಇದೆ. ನೀನು ನೋಡಿದರೆ ನಗುತ್ತೀಯ. ಈಗ ಯಾರಿಗೂ ಸ್ವಂತ ವಾಹನವಿಲ್ಲ. ಕರೆದರೆ ಬಂಡಿ ತಾನಾಗಿ ಬರುತ್ತದೆ, ಇಳಿಸಿ ಊರಾಚೆಯ ಬಂಡಿದೊಡ್ಡಿಗೆ ವಾಪಸು ಹೋಗಿ ನಿಲ್ಲುತ್ತದೆ. ಆದರೂ ರಸ್ತೆಯ ಎರಡೂ ಬದಿಗೆ ವಾಹನ ನಿಲ್ಲಿಸಲೆಂದು ನಿಮ್ಮ ಕಾಲದಲ್ಲಿ ಎಳೆದ ಬಿಳಿ ಗೆರೆಗಳು ಹಾಗೇ ಇವೆ. ವರ್ಷಕ್ಕೊಮ್ಮೆ ಅವಕ್ಕೆ ಬಣ್ಣ ಬಳಿಯುತ್ತಾರೆ. ಒಂದೊಂದು ಚೌಕಕ್ಕೂ ಗೆರೆಮನೆ ಎಂದು ಹೆಸರು. ಗೆರೆಮನೆಯೊಳಗೆ ಗಾಲಿ ಇರುವ ವಸ್ತು ಮಾತ್ರ ನಿಲ್ಲಬೇಕು ಎಂಬುದು ನಿಮ್ಮ ಪುರಸಭೆಯ ಠರಾವು. ಗಾಲಿ ಇದ್ದರೆ ಯಾರೂ ಎಬ್ಬಿಸುವಂತಿಲ್ಲ. ಆದ್ದರಿಂದ ನಮ್ಮ ರಸ್ತೆಯಲ್ಲಿ ಎಲ್ಲಕ್ಕೂ ಗಾಲಿ ಇದೆ. ಕ್ಷೌರದ ಕುರ್ಚಿಗೆ ಗಾಲಿ, ತುಳಸಿ ಕುಂಡಕ್ಕೆ ಗಾಲಿ, ಚೌಕಾಬಾರ ಆಡುವವರ ಕಲ್ಲುಹಾಸಿಗೂ ಪಕ್ಕದಲ್ಲೊಂದು ಗಾಲಿ. ಟೈಲರುಗಳು ಮಾತ್ರ ಹೊಲಿಗೆ ಯಂತ್ರಕ್ಕೆ ಹುಟ್ಟಿನಿಂದಲೇ ಗಾಲಿ ಇದೆಯೆಂದು ಬೀಗುತ್ತಾರೆ. ಬಣ್ಣ ಬಳಿಯುವ ದಿನವೇ ಗಾಲಿ ಪರೀಕ್ಷೆ. ಪುರಸಭೆಯವನೊಬ್ಬ ಬಂದು ಪ್ರತಿ ಗಾಲಿಯನ್ನೂ ಬೆರಳಲ್ಲಿ ತಿರುಗಿಸುತ್ತಾನೆ. ತಿರುಗಿದರೆ ಆಯಿತು, ಇನ್ನೊಂದು ವರ್ಷ ನಿಶ್ಚಿಂತೆ. ಮದುವೆಯಾಗಿ ಬಂದ ಸೊಸೆಯರು ಆ ದಿನ ಗಾಲಿಗೆ ಎಣ್ಣೆ ಬಿಡುವುದನ್ನು ಕಲಿಯುತ್ತಾರೆ.

ನಲವತ್ತೊಂದನೇ ಗೆರೆಮನೆ ನನ್ನ ತಮ್ಮ ಓಬಣ್ಣನದು. ಪುರಸಭೆ ಕಟ್ಟಡದ ಬಡಗು ಗೋಡೆಗೆ ಹತ್ತಿದ ಜಾಗ, ದಿನವಿಡೀ ನೆರಳು. ಅಲ್ಲಿ ಕೂತು ಅವನು ಕೊಡೆ ರಿಪೇರಿ ಮಾಡುತ್ತಾನೆ. ಬಿಸಿಲಿಗೆ ಕೊಡೆಯಿಲ್ಲದೆ ನಮ್ಮಲ್ಲಿ ಯಾರೂ ಹೊಸ್ತಿಲು ದಾಟುವುದಿಲ್ಲವಾದ್ದರಿಂದ ಅವನನ್ನು ಕಾಣದವರು ಊರಲ್ಲಿಲ್ಲ. ಅವನಿಗೆ ಒಂದು ಕಣ್ಣು ಮಂಜು. ಎಪ್ಪತ್ತು ದಾಟಿದ್ದಾನೆ. ಜಾಗ ಬದಲಾದರೆ ಕೈಯಳತೆ ತಪ್ಪುತ್ತದೆ, ಮತ್ತೆ ಕೆಲಸ ಮಾಡಲಾರ. ಅವನ ತಗಡಿನ ಪೆಟ್ಟಿಗೆಯ ಎಡಮಗ್ಗುಲಿಗೆ ಮಕ್ಕಳ ಮೂರುಗಾಲಿ ಸೈಕಲ್ಲಿನ ಗಾಲಿಯೊಂದನ್ನು ಮೊಳೆ ಹೊಡೆದು ಕೂರಿಸಿದೆ. ನೆಲ ಮುಟ್ಟುವುದಿಲ್ಲ, ಗಾಳಿಯಲ್ಲೇ ತಿರುಗುತ್ತದೆ. ಆ ಗಾಲಿಯನ್ನು ಮೊದಲು ಹೊಡೆದವರು ಯಾರು ಗೊತ್ತೇ? ನಿನ್ನ ಕಾಲದ ಇಮಾಮ್ ಸಾಬರು. ಈಗಲೂ ನೀನು ಪುರಸಭೆಗೆ ಹೋಗುವಾಗ ಬಡಗು ಗೋಡೆಯ ಪಕ್ಕ ಕೊಡೆ ಬಿಚ್ಚಿಕೊಂಡು ಕೂತಿರುತ್ತಾರಲ್ಲ, ಅವರೇ. ಅವರ ಮರಿಮಗನ ಬಳಿ ನನ್ನ ತಮ್ಮ ಕೆಲಸ ಕಲಿತ. ಗೆರೆ ಎಳೆದ ಮರುದಿನ ಯಾರೋ ಬಂದು ‘ಗಾಲಿ ಇಲ್ಲದ್ದನ್ನೆಲ್ಲ ಎತ್ತಿ’ ಎಂದಾಗ, ಸಾಬರು ಗುಜರಿಯಿಂದ ಈ ಗಾಲಿ ತಂದು ಪೆಟ್ಟಿಗೆಗೆ ಹೊಡೆದರಂತೆ. ಪೆಟ್ಟಿಗೆಯ ತಗಡು ನಾಲ್ಕು ಸಲ ಬದಲಾಗಿದೆ. ಗಾಲಿ ಮಾತ್ರ ಅದೇ.

ಕಳೆದ ವರ್ಷಾಂತ್ಯದ ಪುರಸಭೆ ಸಭೆಗೆ ನಲವತ್ತೇಳು ವಿಷಯಗಳ ಪಟ್ಟಿ ಗೋಡೆಗೆ ಬಿತ್ತು. ಚರಂಡಿ ಹೂಳು, ದೀಪದ ಕಂಬಕ್ಕೆ ಬಣ್ಣ, ನಾಯಿಗಳ ಎಣಿಕೆ, ತೀರಿಕೊಂಡ ಸದಸ್ಯರಿಗೆ ಸಂತಾಪ, ಎಲ್ಲ ಮಾಮೂಲು. ಮೂವತ್ತೊಂದನೆಯದು ಮಾತ್ರ ನನ್ನ ಕಣ್ಣಿಗೆ ಚುಚ್ಚಿತು: ‘ಗಾಲಿ ಎಂಬ ಪದಕ್ಕೆ ವಿವರಣೆ ನೀಡುವ ಬಗ್ಗೆ.’ ನೂರ ನಲವತ್ತು ವರ್ಷ ಗಾಲಿ ಅಂದರೇನೆಂದು ಎಲ್ಲರಿಗೂ ಗೊತ್ತಿತ್ತು. ಈಗ ಯಾರಿಗೆ ಮರೆತುಹೋಯಿತು? ಅಧ್ಯಕ್ಷ ಚಂದ್ರಮೌಳಿಯ ಭಾವಮೈದ ಹಿಂದಿನ ತಿಂಗಳಷ್ಟೇ ಮೂರು ನೆರಳುಗಾಡಿ ತರಿಸಿದ್ದ. ನೆರಳುಗಾಡಿ ಎಂದರೆ ಒಳಗೆ ತಂಪು ತುಂಬಿಕೊಂಡ ಉದ್ದನೆಯ ಗಾಡಿ, ಗಂಟೆಗಿಷ್ಟು ಎಂದು ಕೊಟ್ಟು ಒಳಗೆ ಕೂರುವುದು. ಮೊದಲೇ ನೆರಳಿರುವ ಕಡೆ ನಿಲ್ಲಿಸಿದರೆ ಅದಕ್ಕೆ ಖರ್ಚು ಕಡಿಮೆ. ಊರಲ್ಲಿ ದಿನವಿಡೀ ನೆರಳಿರುವುದು ಬಡಗು ಗೋಡೆಯ ಪಕ್ಕ. ಸಾಲದ್ದಕ್ಕೆ ಸಭೆ ಕರೆದಿದ್ದು ಮೂರನೇ ಉಳಿಕೆ ದಿನ. ನನಗೆ ಅಷ್ಟು ಸಾಕಾಯಿತು. ಓಬಣ್ಣ ನಕ್ಕ. “ನಿಂಗೆ ಮಜ್ಜಿಗೇಲೂ ಮೀನು ಕಾಣ್ತದೆ ಅಕ್ಕಾ, ಸುಮ್ನೆ ಮನೇಲಿರು” ಅಂದ. ನಾನು ಕೊಡೆ ಹಿಡಿದು ಹೊರಟೆ.

ಬಾಗಿಲಲ್ಲಿ ಗುಮಾಸ್ತೆ ತಿಮ್ಮರಾಜು ನಗುನಗುತ್ತಾ ಒಂದು ಹಾಳೆ ಮುಂದಿಟ್ಟ. “ಬಾ ಅಜ್ಜಿ, ಬಂದೋರೆಲ್ಲ ಒಂದು ಸಹಿ ಹಾಕ್ಬೇಕು, ಉಪ್ಪಿಟ್ಟು ಎಷ್ಟು ಪ್ಲೇಟು ಅಂತ ಗೊತ್ತಾಗ್ಬೇಕಲ್ಲ” ಅಂದ. ನನಗೆ ಸಹಿ ಹಾಕುವುದೆಂದರೆ ಹಬ್ಬ. ಗೋಡೆ ನೋಡಿ ಕಲಿತ ಅಕ್ಷರವಲ್ಲವೇ, ದೊಡ್ಡದಾಗಿ, ಬಾಲ ಎಳೆದು ಹಾಕಿದೆ. ಹಾಳೆಯ ಹಿಂಬದಿಯನ್ನೂ ನೋಡಿದೆ, ಏನೂ ಇರಲಿಲ್ಲ. ಮೇಲ್ಭಾಗದಲ್ಲಿ ಮೂರು ಬೆರಳಗಲ ಖಾಲಿ ಬಿಟ್ಟಿದ್ದರು. ಅದು ಕಣ್ಣಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಸಭೆಯಲ್ಲಿ ಅಧ್ಯಕ್ಷರು ಸಂಖ್ಯೆ ಮಾತ್ರ ಹೇಳುತ್ತಾ ಹೋದರು. ಒಂದು, ಓದಿದಂತೆ ಭಾವಿಸಲಾಗಿದೆ. ಎರಡು, ಓದಿದಂತೆ ಭಾವಿಸಲಾಗಿದೆ. ಸದಸ್ಯರು ತಲೆಯಾಡಿಸುತ್ತಾ ಅಡುಗೆಮನೆಯ ಕಡೆ ಮೂಗು ಮಾಡಿಕೊಂಡಿದ್ದರು. ಮೂವತ್ತೊಂದು ಬಂದಾಗ ನಾನು ಎದ್ದು ನಿಂತೆ. “ಅದನ್ನ ಓದ್ರಪ್ಪ” ಎಂದೆ. ಚಂದ್ರಮೌಳಿ ಕನ್ನಡಕ ಇಳಿಸಿ ನೋಡಿದರು. “ಕೆಂಚಮ್ಮಜ್ಜಿ, ಇನ್ನೂ ಹದಿನೇಳು ವಿಷಯ ಐತೆ. ಓದ್ತಾ ಕೂತ್ರೆ ಉಪ್ಪಿಟ್ಟು ಆರೋಗ್ತದೆ.” ನಾನು ಬಿಡಲಿಲ್ಲ. “ಆರಿದ್ದನ್ನೇ ತಿಂದು ಬೆಳೆದೋಳು ನಾನು, ನೀನು ಓದು” ಎಂದೆ. ಎಲ್ಲರೂ ನಕ್ಕರು, ನನಗೂ ನಗು ಬಂತು. ಆದರೆ ಓದಿದರು. ಗಾಲಿ ಎಂದರೆ ನೆಲ ಮುಟ್ಟಿ, ಭಾರ ಹೊತ್ತು, ಉರುಳುವಂಥದ್ದು ಮಾತ್ರ. ಗೋಡೆ ಪಕ್ಕದ ಗೆರೆಮನೆಗಳಿಂದ ಮೊದಲ್ಗೊಂಡು ಮಾರ್ಚ್ ಹತ್ತಕ್ಕೆ ತೆರವು. “ನಾನು ಒಪ್ಪಲ್ಲ, ಬರ್ಕೊಳ್ಳಿ” ಎಂದು ಕೂಗಿದೆ. “ಬರ್ಕೊಂಡ್ವಿ ಅಜ್ಜಿ, ಕೂತ್ಕೋ” ಎಂದರು. ಉಪ್ಪಿಟ್ಟು ಬಂತು. ನಿಜ ಹೇಳಬೇಕೆಂದರೆ ಚೆನ್ನಾಗಿತ್ತು.

ವಾರ ಕಳೆದು ಠರಾವು ಗೋಡೆಗೆ ಬಂತು. ಕೆಳಗೆ ‘ಸಾರ್ವಜನಿಕರ ಒಪ್ಪಿಗೆ ಪತ್ರ ಲಗತ್ತಿಸಿದೆ’ ಎಂದಿತ್ತು. ಲಗತ್ತಿಸಿದ್ದು ಆ ಉಪ್ಪಿಟ್ಟಿನ ಹಾಳೆ. ಖಾಲಿ ಬಿಟ್ಟಿದ್ದ ಮೂರು ಬೆರಳಗಲದಲ್ಲಿ ‘ಮೂವತ್ತೊಂದನೇ ವಿಷಯಕ್ಕೆ ಒಪ್ಪಿ ಸಹಿ ಮಾಡಿರುವವರು’ ಎಂದು ಒತ್ತೊತ್ತಾಗಿ ಬರೆದಿದ್ದರು. ಎಲ್ಲರಿಗಿಂತ ಮೇಲೆ, ಎಲ್ಲರಿಗಿಂತ ದೊಡ್ಡದಾಗಿ, ನನ್ನ ಹೆಸರು. ಓಬಣ್ಣ ಗೋಡೆಯ ಹತ್ತಿರ ಮುಖ ಒಯ್ದು, ಒಳ್ಳೆಯ ಕಣ್ಣಿನಿಂದ ಅದನ್ನು ನಿಧಾನ ಓದಿದ. “ಅಕ್ಕಾ, ನೀನು ಸಹಿ ಹಾಕಿದ್ದು ಉಪ್ಪಿಟ್ಟಿಗೋ, ನನ್ನ ಜಾಗಕ್ಕೋ?” ಎಂದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ನಗುತ್ತಲೇ ಕೇಳಿದ. ಅಂದಿನಿಂದ ನನಗೆ ಉಪ್ಪಿಟ್ಟಿನ ಒಗ್ಗರಣೆ ಸದ್ದು ಕೇಳಿದರೆ ಆಗುವುದಿಲ್ಲ.

ಆಕ್ಷೇಪಣೆ ಬರೆದುಕೊಂಡು ಹೋದೆ. ತಿಮ್ಮರಾಜು ನಿಯಮ ತೋರಿಸಿದ. ಸಭೆಯ ತಾರೀಖಿನಿಂದ ಮೂವತ್ತು ದಿನದೊಳಗೆ ಆಕ್ಷೇಪಣೆ ಕೊಡಬೇಕು. ಉಳಿಕೆ ದಿನಕ್ಕೆ ತಾರೀಖಿಲ್ಲ. ತಾರೀಖಿಲ್ಲದ ಮೇಲೆ ಮೂವತ್ತು ದಿನವನ್ನು ಎಲ್ಲಿಂದ ಎಣಿಸುವುದು? ಅದಕ್ಕೇ ತೆಗೆದುಕೊಳ್ಳಲು ಬರುವುದಿಲ್ಲವಂತೆ. ನನ್ನ ಅನುಮಾನ ಸರಿಯಾಗಿಯೇ ಇತ್ತು ಅಜ್ಜಿ. ಸರಿಯಾಗಿದ್ದೂ ಏನು ಉಪಯೋಗಕ್ಕೆ ಬಂತು?

ಕೊನೆಗೆ ಮೂಲ ಠರಾವನ್ನಾದರೂ ನೋಡೋಣವೆಂದು ದಾಖಲೆ ಕೋಣೆಗೆ ಇಳಿದೆ. ಮೂರು ದಿನ ದೂಳು ಕುಡಿದ ಮೇಲೆ ಸಿಕ್ಕಿತು. ಮಾರ್ಚ್ ೧೧, ೨೦೨೭, ವಿಷಯ ಸಂಖ್ಯೆ ೧೯, ಬಜಾರ್ ರಸ್ತೆಯಲ್ಲಿ ವಾಹನ ನಿಲುಗಡೆ. ‘ಗಾಲಿ ಇರುವ ವಸ್ತುಗಳು ಮಾತ್ರ ನಿಲ್ಲತಕ್ಕದ್ದು. ಸರ್ವಾನುಮತದಿಂದ ಅಂಗೀಕರಿಸಿದೆ.’ ಕೆಳಗೆ ಒಂಬತ್ತನೇ ವಾರ್ಡಿನ ಸದಸ್ಯೆ ರುದ್ರಾಂಬ ಎಂದು ಸಹಿ. ನಿನ್ನದು. ನಮ್ಮ ಮನೆಯ ಹಳೇ ಪೆಟ್ಟಿಗೆಯಲ್ಲಿ ನಿನ್ನ ಕೈಬರಹ ಇದೆ, ನನಗೆ ಗುರುತು ತಪ್ಪುವುದಿಲ್ಲ. ಆ ದಿನ ನಿನ್ನ ಮೇಲೆ ನನಗೆ ಬಂದ ಸಿಟ್ಟನ್ನು ಇಲ್ಲಿ ಬರೆಯಲಾರೆ. ದಿನಾ ಇಮಾಮ್ ಸಾಬರ ಮುಂದೆಯೇ ಹಾದುಹೋಗುತ್ತಿದ್ದವಳು, ಅವರು ಕೂರುವ ಜಾಗಕ್ಕೆ ಗೆರೆ ಎಳೆಸಿದಳಲ್ಲ, ಯಾರಿಂದ ಏನು ತೆಗೆದುಕೊಂಡಳೋ, ಯಾವ ಭಾವಮೈದನಿಗೆ ಯಾವ ಗಾಡಿ ಇತ್ತೋ ಎಂದೆಲ್ಲ ಯೋಚಿಸಿದೆ. ಎರಡು ದಿನ ನಿನ್ನ ಪಟವನ್ನು ಗೋಡೆಗೆ ಮುಖ ಮಾಡಿ ತಿರುಗಿಸಿಟ್ಟಿದ್ದೆ.

ಮೂರನೇ ದಿನ ಮತ್ತೆ ಹೋಗಿ ಭೂತಗಾಜು ಹಿಡಿದು ನೋಡಿದೆ. ನೀನೂ ನನ್ನ ಹಾಗೆಯೇ ಸಹಿಗೆ ಉದ್ದನೆಯ ಬಾಲ ಎಳೆಯುತ್ತೀಯ. ಆ ಬಾಲ ಮೇಲೆದ್ದು ಹೋಗಿದೆ. ಠರಾವಿನ ಕೊನೆಯ ಎರಡು ಸಾಲುಗಳು ಅಲ್ಲಿಗೆ ಬಂದಾಗ ಬಾಲವನ್ನು ತಪ್ಪಿಸಿ, ಅತ್ತಿತ್ತ ಸರಿದು, ಸಂದಿಯಲ್ಲಿ ನುಸುಳಿಕೊಂಡು ಹೋಗಿವೆ. ಇದ್ದ ಬರಹದ ಕೆಳಗೆ ನೀನು ಸಹಿ ಹಾಕಿದವಳಲ್ಲ. ನೀನು ಹಾಕಿದ ಸಹಿಯ ಮೇಲೆ ಅವರು ಬರೆದದ್ದು. ಹಾಜರಿಗೆಂದೋ, ಚಹಾಕ್ಕೆಂದೋ, ನಗುನಗುತ್ತಾ ಯಾರೋ ಪುಸ್ತಕ ಮುಂದಿಟ್ಟಿರಬೇಕು. ಪಟವನ್ನು ತಿರುಗಿಸಿ ಒರೆಸಿಟ್ಟೆ. ಬೇಸರ ಮಾಡಿಕೊಳ್ಳಬೇಡ. ನಿನ್ನನ್ನು ಅನುಮಾನಿಸಿದ್ದಕ್ಕೆ ಈ ಮುದುಕಿ ನಿನ್ನ ಕಾಲು ಹಿಡಿಯುತ್ತಾಳೆ ಎಂದು ತಿಳಿ.

ಈಗ ಕೇಳಬೇಕಾದ್ದನ್ನು ಕೇಳುತ್ತೇನೆ. ನಿನ್ನ ಕಾಲದಲ್ಲಿ ಇನ್ನೂ ನಡೆಯದ ಆ ಮಾರ್ಚ್ ಹನ್ನೊಂದರ ಸಭೆಗೆ ಹೋಗು. ಬಾಗಿಲಲ್ಲಿ ಸಹಿ ಕೇಳಿದರೆ ಪೆನ್ನು ಮರೆತೆ ಎನ್ನು. ಅವರು ಪೆನ್ನು ಕೊಡುತ್ತಾರೆ, ಕನ್ನಡಕ ಮರೆತೆ ಎನ್ನು. ಹತ್ತೊಂಬತ್ತನೇ ವಿಷಯ ಬಂದಾಗ ಎದ್ದು ‘ಓದಿ’ ಎಂದು ಹೇಳು. ನಗುತ್ತಾರೆ. ನಗಲಿ. ಓದಿ ಮುಗಿಸಿದ ಮೇಲೆ ಕೊನೆಗೆ ಒಂದು ಸಾಲು ಸೇರಿಸು: ‘ಈ ಜಾಗಗಳಲ್ಲಿ ಈಗಾಗಲೇ ಕೂತು ಕೆಲಸ ಮಾಡುತ್ತಿರುವವರಿಗೂ, ಅವರಿಂದ ಕೆಲಸ ಕಲಿತು ಅಲ್ಲೇ ಕೂರುವವರಿಗೂ ಗಾಲಿ ಬೇಕಾಗಿಲ್ಲ.’ ಅವರು ಬರೆಯುವುದನ್ನು ನಿಂತು ನೋಡು. ಬರೆದಾದ ಮೇಲೆ, ಕೊನೆಯ ಅಕ್ಷರಕ್ಕೆ ಅಂಟಿಸಿಕೊಂಡು, ನಿನ್ನ ಸಹಿ ಹಾಕು. ಬಾಲ ಎಷ್ಟು ಬೇಕೋ ಅಷ್ಟು ಎಳೆ. ಹೊರಗೆ ಬರುವಾಗ ಸಾಧ್ಯವಾದರೆ ಇಮಾಮ್ ಸಾಬರಿಗೆ ಒಂದು ಕೊಡೆ ರಿಪೇರಿಗೆ ಕೊಡು. ಚೆನ್ನಾಗಿ ಮಾಡುತ್ತಾರಂತೆ.

ನೀನು ಉತ್ತರ ಬರೆಯಲಾರೆ, ನನಗೆ ಗೊತ್ತು. ಮಾರ್ಚ್ ಹತ್ತರ ಬೆಳಿಗ್ಗೆ ನಾನು ನಲವತ್ತೊಂದನೇ ಗೆರೆಮನೆಗೆ ಹೋಗಿ ಓಬಣ್ಣನ ಪೆಟ್ಟಿಗೆಯ ಎಡಮಗ್ಗುಲು ನೋಡುತ್ತೇನೆ. ಅಲ್ಲಿ ಗಾಲಿ ಇಲ್ಲದಿದ್ದರೆ, ಮೊಳೆಯ ತೂತೂ ಇಲ್ಲದಿದ್ದರೆ, ನೀನು ಓದಿಸಿದೆ ಎಂದು ತಿಳಿದುಕೊಳ್ಳುತ್ತೇನೆ. ಗಾಲಿ ಇದ್ದರೆ, ತಮ್ಮನ ಪಕ್ಕ ನಾನೂ ಕೂರುತ್ತೇನೆ. ಇಬ್ಬರು ಮುದುಕರನ್ನು ಎತ್ತುವುದಕ್ಕೆ ಅವರಿಗೂ ಸ್ವಲ್ಪ ಹೊತ್ತು ಹಿಡಿಯಲಿ.

ಹಾಳೆ ಮುಗಿಯಿತು. ಬೇಕೆಂದೇ ನಾಲ್ಕೂ ಅಂಚು ಮುಟ್ಟುವಂತೆ ಬರೆದಿದ್ದೇನೆ. ಕೊನೆಯಲ್ಲಿ ಸಹಿ ಹಾಕುತ್ತಿಲ್ಲ, ಹೆಸರು ಮೇಲೆಯೇ ಹೇಳಿದೆನಲ್ಲ, ಅಷ್ಟು ಸಾಕು. ಚೆನ್ನಾಗಿರು ಅಜ್ಜಿ. ಇದರ ಕೆಳಗೆ ಇನ್ನೊಂದು ಸಾಲು ಕಂಡರೆ ನಂಬಬೇಡ, ಅದು ನಾನು ಬರೆದದ್ದಲ್ಲ.