ಲಕೋಟೆಯಲ್ಲಿ ಇಲ್ಲದ ರಜೆ

ಒಂದನೇ ತರಗತಿಯ ಮಕ್ಕಳ ರಜೆಯನ್ನು ಲಕೋಟೆಗೆ ತುಂಬಿ ಕಳಿಸುವ ಮಾನ್ಯ ಅಧಿಕಾರಿಗಳೇ,

ನಿಮ್ಮ ‘ರಜೆಯ ವಾಕ್ಯಮಾಲೆ’ ನನ್ನ ಆರು ವರ್ಷದ ಮಗಳ ಬಾಯಿ ಮುಚ್ಚಿಸಿದೆ. ಈಗ ಅವಳನ್ನು ನಿಧಾನ ಕಲಿಕೆಯವರ ಕೊಠಡಿಯಲ್ಲಿ ಕೂರಿಸಿದ್ದಾರೆ. ಮೂರು ವಾರದಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ನಿಮ್ಮ ಕಚೇರಿಗೆ ಬರೆದ ಎರಡು ಪತ್ರಗಳು ಯಾವ ಕಡತದಡಿ ತಣ್ಣಗೆ ಮಲಗಿವೆಯೋ ದೇವರೇ ಬಲ್ಲ. ಅದಕ್ಕೇ ಇದನ್ನು ಊರೆಲ್ಲ ಓದಲಿ ಎಂದು ಬರೆಯುತ್ತಿದ್ದೇನೆ.

ರಜೆಗೆ ಮುನ್ನ ಪ್ರತಿ ಮಗುವಿಗೂ ಒಂದು ಲಕೋಟೆ ಕೊಟ್ಟಿರಿ. ಕೆಂಪು ಚೀಟಿಯಲ್ಲಿ ಯಾರು, ನೀಲಿಯಲ್ಲಿ ಎಲ್ಲಿಗೆ, ಹಸಿರಿನಲ್ಲಿ ಏನು ಮಾಡಿದರು. ಮೂರನ್ನೂ ಸಾಲಾಗಿ ಅಂಟಿಸಿದರೆ ಒಂದು ವಾಕ್ಯ. ಉಪಾಯ ಚೆನ್ನಾಗಿದೆ, ಒಪ್ಪಿದೆ. ಮೊದಲ ದಿನ ನನ್ನ ಮಗಳು ಊಟ ಮರೆತು ಅಂಟಿಸುತ್ತಾ ಕೂತಿದ್ದಳು. ಆದರೆ ನೀಲಿ ಚೀಟಿಗಳು ನಾಲ್ಕೇ: ಸಮುದ್ರಕ್ಕೆ, ಬೆಟ್ಟಕ್ಕೆ, ಮೃಗಾಲಯಕ್ಕೆ, ಅಜ್ಜಿಯ ಮನೆಗೆ. ಮಾನ್ಯರೇ, ಇದು ಯಾರ ರಜೆ? ತಮ್ಮ ಮನೆಯ ಮಕ್ಕಳದೇ?

ನಾನು ರೈಲು ನಿಲ್ದಾಣದ ಲಗೇಜ್ ರೂಮಿನವನು. ನೀವು ಸಮುದ್ರಕ್ಕೆ ಹೊರಟಾಗ ನಿಮ್ಮ ಪೆಟ್ಟಿಗೆ ಕಾಯುವವನು. ರಜೆ ಬಂತೆಂದರೆ ನಮಗೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ಹೆಂಡತಿಗೆ ಆಸ್ಪತ್ರೆಯ ಅಡುಗೆಮನೆ. ಹಾಗಾಗಿ ಮಗಳು ಇಡೀ ರಜೆ ನನ್ನ ಕೌಂಟರಿನ ಹಿಂದೆ ಸ್ಟೂಲಿನ ಮೇಲಿದ್ದಳು. ಚೀಲಗಳಿಗೆ ಚೀಟಿ ಕಟ್ಟುವುದನ್ನು ಎರಡೇ ದಿನದಲ್ಲಿ ಕಲಿತಳು. ಬಾಯಿಗಂತೂ ಬಿಡುವೇ ಇಲ್ಲ. “ಅಪ್ಪಾ, ಈ ಪೆಟ್ಟಿಗೆಯಿಂದ ಸೋಪಿನ ವಾಸನೆ ಬರ್ತಿದೆ.” “ಅಪ್ಪಾ, ಛತ್ರಿ ಇಟ್ಟು ಹೋದ ತಾತ ಇನ್ನೂ ಯಾಕೆ ಬಂದಿಲ್ಲ?” ಕೊನೆಗೆ ನಮ್ಮಲ್ಲಿನ ಚೀಟಿಗಳ ಹಿಂಬದಿಯಲ್ಲಿ ತಾನೇ ಬರೆದು ಅಂಟಿಸಿದಳು: ‘ನಾನು ಲಗೇಜ್ ರೂಮಿಗೆ ಹೋದೆ. ತಾತನ ಛತ್ರಿ ಕಾದೆ. ತಾತ ಬರಲಿಲ್ಲ.’

ಇಲ್ಲಿ ನನ್ನ ತಪ್ಪೂ ಇದೆ, ಮುಚ್ಚಿಡುವುದಿಲ್ಲ. ಲಕೋಟೆಯ ಮೇಲೆ ‘ಕೊಟ್ಟ ಚೀಟಿಗಳನ್ನು ಮಾತ್ರ ಬಳಸಿ’ ಎಂದು ಅಚ್ಚಾಗಿತ್ತು. ಹದಿನಾಲ್ಕು ವರ್ಷದಿಂದ ನಮ್ಮ ಚೀಟಿ ಇಲ್ಲದ ಸಾಮಾನನ್ನು ಯಾರ ಕೈಗೂ ಕೊಡದವನು ನಾನು. ಮಗಳು ಬರೆದದ್ದನ್ನು ಕಿತ್ತು ಹಾಕಿ, ‘ಸಮುದ್ರಕ್ಕೆ’ ಎಂಬ ನೀಲಿ ಚೀಟಿಯನ್ನು ಅವಳ ಕೈಗೆ ಕೊಟ್ಟೆ.

“ಅಪ್ಪಾ, ನಾವು ಸಮುದ್ರಕ್ಕೆ ಹೋಗೇ ಇಲ್ವಲ್ಲ?”

“ಸುಮ್ನೆ ಅಂಟಿಸು ಮರಿ. ಶಾಲೇಲಿ ಕೊಟ್ಟಿರೋದು ಅಷ್ಟೇ.”

ಆ ಸುಳ್ಳಿಗೆ ನಿಮ್ಮ ಶಾಲೆ ನಕ್ಷತ್ರ ಕೊಟ್ಟಿತು, ಗೋಡೆಗೂ ಅಂಟಿಸಿತು. ಆಮೇಲೆ ಅವಳನ್ನು ಎಲ್ಲರೆದುರು ನಿಲ್ಲಿಸಿ, ಸಮುದ್ರದಲ್ಲಿ ಏನೇನು ನೋಡಿದೆ ಹೇಳು ಎಂದರು. ಏನು ಹೇಳಿಯಾಳು? ಮೂರು ದಿನ ಕೇಳಿದರು, ಮೂರು ದಿನವೂ ನೆಲ ನೋಡುತ್ತಾ ನಿಂತಳು. ನಿಮ್ಮ ಮೌಲ್ಯಮಾಪನದ ಹಾಳೆಯಲ್ಲಿ ‘ಸ್ವಂತ ವಾಕ್ಯ: ಇಲ್ಲ’ ಎಂದು ಬರೆದಾಯಿತು. ನಾನು ಓಡಿ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಟೀಚರ್ ಪಾಪ, ತಲೆ ತಗ್ಗಿಸಿದರು. “ಅವಳು ಚುರುಕು ಅಂತ ನಂಗೂ ಗೊತ್ತು ಸರ್. ಆದ್ರೆ ನಿಧಾನ ಕಲಿಕೆಯವರ ಪಟ್ಟಿ ಮೇಲಕ್ಕೆ ಹೋಗ್ಬಿಟ್ಟಿದೆ. ವರ್ಷ ಮುಗಿಯೋ ತನಕ ಬದಲಾಯಿಸೋ ಹಾಗಿಲ್ಲ.” ಆ ‘ಮೇಲೆ’ ಕೂತಿರುವವರು ತಾವೇ ತಾನೆ?

ಈಗ ಮನೆಯಲ್ಲಿ ಇವತ್ತು ಏನಾಯ್ತು ಮರಿ ಎಂದರೆ, ನನ್ನ ಮುಖ ನೋಡಿ ಕೇಳುತ್ತಾಳೆ: “ಏನ್ ಹೇಳ್ಬೇಕು ಅಪ್ಪಾ? ನೀನೇ ಹೇಳ್ಕೊಡು.”

ಮಾನ್ಯರೇ, ನನ್ನ ಬೇಡಿಕೆ ಎರಡೇ. ಅವಳನ್ನು ಈ ವಾರವೇ ಅವಳ ತರಗತಿಗೆ ವಾಪಸು ಕಳಿಸಿ. ಮುಂದಿನ ರಜೆಗೆ ಪ್ರತಿ ಲಕೋಟೆಯಲ್ಲೂ ಹತ್ತು ಖಾಲಿ ಚೀಟಿ ಹಾಕಿ. ಅದಕ್ಕೆ ಸಮಿತಿ ಬೇಡ, ಸಭೆ ಬೇಡ, ಅಚ್ಚೂ ಹಾಕಿಸಬೇಕಿಲ್ಲ. ನಿಮ್ಮ ಪಾಲಿನದು ಇಷ್ಟು.

ನನ್ನ ಪಾಲಿನದನ್ನು ನಿನ್ನೆ ಮಾಡಿದೆ. ಮಗಳ ಮುಂದೆ ಕೂತು, ನಿನ್ನ ವಾಕ್ಯ ಕಿತ್ತದ್ದು ತಪ್ಪಾಯ್ತು ಎಂದೆ. “ಸರಿ ಅಪ್ಪಾ” ಎಂದಳು, ಅಷ್ಟೇ. ಮೊದಲಿನವಳಾಗಿದ್ದರೆ ಯಾಕೆ ಕಿತ್ತೆ ಎಂದು ನನ್ನ ಗ್ರಹಚಾರ ಬಿಡಿಸುತ್ತಿದ್ದಳು.

ಇಂತಿ,
ಮಗಳಿಂದ ಬೈಸಿಕೊಳ್ಳಲು ಕಾದು ಕೂತಿರುವ
ಲಗೇಜ್ ರೂಮಿನ ಗುಮಾಸ್ತ